ಬೆಳ್ಳಿಗೆ ಕಾಲಂ ಇಲ್ಲ

ಕನ್ನಡದ ಎರಡು ದೊಡ್ಡ ಕಾದಂಬರಿಗಳಲ್ಲಿ ಕೇರಿಯ ಇಬ್ಬರು ಹುಡುಗಿಯರಿದ್ದಾರೆ. ಇಬ್ಬರ ಹೆಸರೂ ಬೆಳ್ಳಿ. ಒಬ್ಬಳು 1933ರಲ್ಲಿ ಬಂದ ಶಿವರಾಮ ಕಾರಂತರ ‘ಚೋಮನ ದುಡಿ’ಯವಳು. ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗಿ ಮೈಯನ್ನೇ ತೆತ್ತು ಬಂದವಳು. ಇನ್ನೊಬ್ಬಳು 1965ರಲ್ಲಿ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ದವಳು. ಅಗ್ರಹಾರದ ಶ್ರೀಪತಿಗೆ ಕತ್ತಲಲ್ಲಿ ಸಿಗುವವಳು. ಈ ಎರಡು ಪುಸ್ತಕಗಳ ಬಗ್ಗೆ ಕನ್ನಡದಲ್ಲಿ ಬಂದಷ್ಟು ವಿಮರ್ಶೆ ಬೇರೆ ಪುಸ್ತಕಗಳಿಗೆ ಬಂದಿರುವುದು ಕಡಿಮೆ. ಅದರಲ್ಲಿ ಈ ಇಬ್ಬರು ಬೆಳ್ಳಿಯರಿಗೆ ಸಿಕ್ಕ ಸಾಲುಗಳನ್ನು ಹುಡುಕಿ ನೋಡಿ. ಹುಡುಕುತ್ತಾ ಹೋದಂತೆ ಸಿಟ್ಟು ಬರುತ್ತದೆ. ಬರಬೇಕು.

‘ಸಂಸ್ಕಾರ’ವನ್ನು ನಮ್ಮ ಕಾಲೇಜುಗಳಲ್ಲಿ ಹೇಗೆ ಪಾಠ ಮಾಡುತ್ತಾರೆಂದು ಓದಿದವರಿಗೆ ಗೊತ್ತು. ಬೋರ್ಡಿನ ನಡುವೆ ಒಂದು ಗೆರೆ. ಈ ಕಡೆ ಪ್ರಾಣೇಶಾಚಾರ್ಯ, ಆ ಕಡೆ ನಾರಣಪ್ಪ. ಈ ಕಡೆ ವ್ರತ, ಆ ಕಡೆ ಭೋಗ. ಈ ಕಡೆ ಶಾಸ್ತ್ರ, ಆ ಕಡೆ ಬಂಡಾಯ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಗೆರೆ ದಾಟಿಸುವವಳು. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಅಂಕ ಪಡೆಯುತ್ತಾರೆ. ಆಚಾರ್ಯ ಮತ್ತು ನಾರಣಪ್ಪ ಇಬ್ಬರೂ ಒಂದೇ ಬೀದಿಯವರು, ಒಂದೇ ಜಾತಿಯವರು, ಒಂದೇ ಉಂಬಳಿಯ ಅನ್ನ ಉಂಡವರು. ಅದು ಒಂದು ಮನೆಯೊಳಗಿನ ಜಗಳ. ಆ ಜಗಳವನ್ನು ಇಡೀ ಮನುಷ್ಯಕುಲದ ದ್ವಂದ್ವವೆಂದು ಮೂರು ತಲೆಮಾರಿಗೆ ಕಲಿಸಿದ್ದೇವೆ.

ಆ ಕಥೆಯಲ್ಲಿ ಬೆಳ್ಳಿ ಏನು ಹೇಳುತ್ತಾಳೆ ಎಂಬುದನ್ನು ಮತ್ತೆ ಓದಿ. ಕೇರಿಗೆ ಇಲಿಗಳು ಬರುತ್ತಿವೆ ಎನ್ನುತ್ತಾಳೆ. ಗಂಡ ಹೆಂಡತಿ ಸತ್ತರು, ಹೆಣಗಳ ಸಮೇತ ಗುಡಿಸಲಿಗೆ ಬೆಂಕಿ ಇಟ್ಟರು ಎನ್ನುತ್ತಾಳೆ. ತನ್ನ ಅಪ್ಪ ಅವ್ವನಿಗೂ ಜ್ವರ ಎನ್ನುತ್ತಾಳೆ. ಅದು ಪ್ಲೇಗಿನ ಸುದ್ದಿ. ಅಗ್ರಹಾರದ ಮೇಲೆ ಹದ್ದುಗಳು ಯಾಕೆ ಹಾರುತ್ತಿವೆ, ಇಲಿಗಳು ಯಾಕೆ ಸಾಯುತ್ತಿವೆ ಎಂಬುದಕ್ಕೆ ಉತ್ತರ ಅವಳ ಬಾಯಲ್ಲಿದೆ. ಶ್ರೀಪತಿ ಕೇಳಿಸಿಕೊಳ್ಳುವುದಿಲ್ಲ. ಅವನಿಗೆ ಅವಳ ಮೈ ಬೇಕು, ಮಾತು ಬೇಡ. ಅಗ್ರಹಾರದ ಹಿರಿಯರು ಧರ್ಮಶಾಸ್ತ್ರದ ತಾಳೆಗರಿ ತಿರುವುತ್ತಾ ಸತ್ತ ನಾರಣಪ್ಪನ ಹೆಣಕ್ಕೆ ಬೆಂಕಿ ಇಡುವ ಹಕ್ಕು ಯಾರದು ಎಂದು ಚರ್ಚಿಸುತ್ತಾರೆ. ಕೊನೆಗೆ ಹೆಣ ಸುಟ್ಟವರು ಯಾರು? ಚಂದ್ರಿ, ಮತ್ತು ಅವಳಿಗೆ ನೆರವಾದ ಸಾಬರ ಅಹಮದ್ ಬ್ಯಾರಿ. ಬೋರ್ಡಿನ ಮೇಲಿನ ಗೆರೆಯ ಎರಡೂ ಕಡೆ ಇಲ್ಲದವರು. ಅನಂತಮೂರ್ತಿ ಇದನ್ನು ಬರೆದಿದ್ದಾರೆ, ಆ ಋಣ ಅವರಿಗೆ ಸಲ್ಲಬೇಕು. ಬರೆದದ್ದನ್ನು ಓದದೆ ಹೋದವರು ನಾವು. ಓದಲು ನಮ್ಮ ಕೈಗೆ ಕೊಟ್ಟ ಅಳತೆಗೋಲಿನಲ್ಲಿ ಎರಡೇ ಗುರುತುಗಳಿದ್ದವು, ಬೆಳ್ಳಿ ಅಳತೆಗೆ ಸಿಗಲಿಲ್ಲ.

1970ರಲ್ಲಿ ಅದೇ ಕಥೆಯನ್ನು ಪಟ್ಟಾಭಿರಾಮ ರೆಡ್ಡಿ ಸಿನಿಮಾ ಮಾಡಿದರು. ಗಿರೀಶ ಕಾರ್ನಾಡರು ಆಚಾರ್ಯ, ಲಂಕೇಶರು ನಾರಣಪ್ಪ. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅದನ್ನು ತಡೆಯಿತು, ಆಮೇಲೆ ಅದಕ್ಕೇ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆಚಾರ್ಯ ಮತ್ತು ನಾರಣಪ್ಪನ ದ್ವಂದ್ವದ ಬಗ್ಗೆ ಪುಟಗಟ್ಟಲೆ ಬರೆದವರು ಆ ಹೆಣ್ಣಿನ ಸಾವನ್ನು ಅಡಿಟಿಪ್ಪಣಿಯಲ್ಲೂ ಹಾಕಲಿಲ್ಲ.

ಪ್ಯಾರಿಸ್ಸಿನ ಪಂಡಿತರು ಹೀಗೆ ಎದುರುಬದುರು ನಿಲ್ಲಿಸಿದ ಜೋಡಿಗಳ ಬಗ್ಗೆ ಬಹಳ ಬರೆದಿದ್ದಾರೆ. ಲೆವಿಸ್ಟ್ರಾಸ್ ಪುರಾಣಗಳನ್ನೆಲ್ಲ ಹಸಿ–ಬೆಂದದ್ದು, ಕಾಡು–ನಾಡು ಎಂದು ಒಡೆದು ತೋರಿಸಿದ. ದೆರಿದಾ ಬಂದು, ಈ ಜೋಡಿಗಳಲ್ಲಿ ಒಂದು ಯಾವಾಗಲೂ ಇನ್ನೊಂದರ ಹೆಗಲ ಮೇಲೆ ಕೂತಿರುತ್ತದೆ, ಅದು ಹಿಂಸೆಯ ಸಂಬಂಧ ಎಂದ. ಲೂಯಿ ದ್ಯುಮೋ 1966ರಲ್ಲಿ ನಮ್ಮ ಜಾತಿಯ ಮೇಲೆಯೇ ಪುಸ್ತಕ ಬರೆದು, ಮಡಿ–ಮೈಲಿಗೆಯ ವಿರೋಧವೇ ಇಡೀ ವ್ಯವಸ್ಥೆಯ ಅಡಿಪಾಯ ಎಂದ. ಆ ಸಿದ್ಧಾಂತ ಮಡಿ ಉಟ್ಟವನ ಬಾಯಿಂದ ಕೇಳಿ ಬರೆದದ್ದು. ಮೈಲಿಗೆ ಎನಿಸಿಕೊಂಡವನನ್ನು ಕೇಳಿದ್ದರೆ ಅವನು ಹೊಲದ ಬಗ್ಗೆ, ಕೂಲಿಯ ಬಗ್ಗೆ, ಬಾವಿಯ ಬಗ್ಗೆ ಹೇಳುತ್ತಿದ್ದ.

ನಮ್ಮೂರ ಹೋಟೆಲಿನಲ್ಲಿ ಲೋಟ ಎರಡು ಥರ ಇದ್ದವು. ಒಳಗೆ ಬೆಂಚಿನ ಮೇಲೆ ಕೂತವರಿಗೆ ಸ್ಟೀಲಿನದು. ನಮ್ಮ ಕೇರಿಯವರ ಲೋಟ ಹೊರಗೆ ಸೂರಿನ ಸಂದಿಯಲ್ಲಿ ಸಿಕ್ಕಿಸಿರುತ್ತಿತ್ತು, ಅದಕ್ಕೂ ಹಿಂದೆ ತೆಂಗಿನ ಚಿಪ್ಪು ಇತ್ತಂತೆ. ಅಜ್ಜಿ ಅದನ್ನು ತಾನೇ ತೆಗೆದು, ತಾನೇ ತೊಳೆದು, ಹಿಡಿಯುತ್ತಿದ್ದಳು, ಮೇಲಿನಿಂದ ಟೀ ಬೀಳುತ್ತಿತ್ತು. ಎರಡು ಲೋಟದಲ್ಲಿಯೂ ಒಂದೇ ಪಾತ್ರೆಯ ಟೀ, ಒಂದೇ ಹಸುವಿನ ಹಾಲು, ಒಂದೇ ದುಡ್ಡು. ಮಡಿಯೂ ಮೈಲಿಗೆಯೂ ಟೀಯಲ್ಲಿ ಇರಲಿಲ್ಲ. ಎರಡು ಲೋಟಗಳನ್ನೂ ಕೊಂಡು ತಂದು, ಇದು ಇಲ್ಲಿ ಅದು ಅಲ್ಲಿ ಎಂದು ಇಟ್ಟವನು ಒಬ್ಬನೇ. ನಾನು ಈ ಬರಹದಲ್ಲಿ ಹೇಳಬೇಕಾಗಿರುವುದು ಇದನ್ನೇ: ಸಾಹಿತ್ಯದಲ್ಲಿರಲಿ, ಸಿನಿಮಾದಲ್ಲಿರಲಿ, ಸರ್ಕಾರದ ಕಾಗದದಲ್ಲಿರಲಿ, ಎಲ್ಲೆಲ್ಲಿ ಎರಡು ಪಾಲು ಕಾಣುತ್ತವೋ ಅಲ್ಲಿ ಎರಡೂ ಪಾಲನ್ನು ಹಂಚಿದವನು ಒಬ್ಬನೇ ಇರುತ್ತಾನೆ. ಅವನನ್ನು ಹಿಡಿದು ನಿಲ್ಲಿಸಿ ಕೇಳಬೇಕು.

ಮೊದಲ ಬೆಳ್ಳಿಯ ಅಪ್ಪನ ಕಡೆ ಬನ್ನಿ. ಚೋಮನ ಬಳಿ ಎರಡು ಎತ್ತುಗಳಿವೆ. ಉಳಲು ನೆಲ ಇಲ್ಲ. ಅವನ ಜಾತಿಯವನು ಬೇಸಾಯ ಮಾಡಕೂಡದು ಎಂಬುದು ಊರ ಕಟ್ಟಳೆ. ಒಡೆಯ ಸಂಕಪ್ಪಯ್ಯನ ಮನಸ್ಸು ಕರಗುತ್ತದೆ, ಅವನ ತಾಯಿ ಬಿಡುವುದಿಲ್ಲ. ಒಬ್ಬ ಮಗ ಜ್ವರದಿಂದ ಸಾಯುತ್ತಾನೆ. ಇನ್ನೊಬ್ಬ, ಗುರುವ, ಕ್ರಿಶ್ಚಿಯನ್ ಹುಡುಗಿಯನ್ನು ಮದುವೆಯಾಗಿ ಆ ಧರ್ಮಕ್ಕೆ ಸೇರುತ್ತಾನೆ. ಕಿರಿಯವನು ನೀಲ ಹೊಳೆಯಲ್ಲಿ ಮುಳುಗುತ್ತಾನೆ, ದಡದಲ್ಲಿ ಜನ ಇದ್ದೂ ಮುಟ್ಟಿ ಎತ್ತುವವರಿಲ್ಲ. ಚೋಮ ದುಡಿ ಬಾರಿಸುತ್ತಾ ಸಾಯುತ್ತಾನೆ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದಾಗ ವಾಸುದೇವರಾವ್ ಚೋಮನಾಗಿ ರಾಷ್ಟ್ರಪ್ರಶಸ್ತಿ ಪಡೆದರು, ಸಿನಿಮಾಕ್ಕೂ ಸ್ವರ್ಣಕಮಲ ಬಂತು. ನೋಡಿದವರು ಅತ್ತರು.

ಅವರು ಅಳುವ ಹೊತ್ತಿಗೆ ಹೊರಗೆ ಏನು ನಡೆದಿತ್ತು? ಒಂದು ವರ್ಷ ಹಿಂದೆ, 1974ರ ಮಾರ್ಚ್ 1ರಂದು, ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಿತ್ತು. ಉಳುವವನೇ ಹೊಲದೊಡೆಯ.  ಲಕ್ಷಾಂತರ ಗೇಣಿದಾರರು ಏಳನೇ ನಂಬರಿನ ಫಾರಂ ತುಂಬಿ ಟ್ರಿಬ್ಯೂನಲ್ಲಿನ ಮುಂದೆ ನಿಂತು ನೆಲ ಪಡೆದರು. ಅದನ್ನು ನಾನು ಸಣ್ಣದೆನ್ನುವುದಿಲ್ಲ. ಆದರೆ ಆ ಕಾನೂನಿನ ಕಣ್ಣಿಗೆ ನೆಲದ ಮೇಲೆ ಕಂಡವರು ಇಬ್ಬರೇ, ಒಡೆಯ ಮತ್ತು ಗೇಣಿದಾರ. ಚೋಮ ಗೇಣಿದಾರನಲ್ಲ. ಅವನು ಮೂಲದಾಳು, ಜೀತದವನು. ಬೆನ್ನು ಬಗ್ಗಿಸಿ ಉತ್ತವನು ಅವನೇ, ಗೇಣಿ ಚೀಟಿ ಇನ್ನೊಬ್ಬನ ಹೆಸರಿನಲ್ಲಿ. ಕೂಲಿಯವನ ಗುಡಿಸಲು ನಿಂತ ಜಾಗಕ್ಕೆ ಕಾನೂನಿನಲ್ಲಿ ಒಂದು ಕಲಮು ಇತ್ತು, ಅವನು ಬೆವರು ಸುರಿಸಿದ ಹೊಲಕ್ಕೆ ಇರಲಿಲ್ಲ. ಮಿತಿ ಮೀರಿದ ಹೆಚ್ಚುವರಿ ಭೂಮಿಯಲ್ಲಿ ಪಾಲು ಕೊಡುತ್ತೇವೆ ಎಂದರು. ಆ ಹೆಚ್ಚುವರಿ ಭೂಮಿ ಸರ್ಕಾರದ ಕೈಗೆ ಬಂದದ್ದೇ ಅತ್ಯಲ್ಪ.

ಇವತ್ತಿನ ಪಹಣಿ ತೆಗೆದು ನೋಡಿ. 9ನೇ ಕಾಲಂ ಒಡೆಯನದು. 12ನೇ ಕಾಲಂ ಸಾಗುವಳಿ ಮಾಡುವವನದು. ಕಳೆ ಕಿತ್ತವಳಿಗೆ, ನಾಟಿ ಹಾಕಿದವಳಿಗೆ, ಗೊಬ್ಬರ ಹೊತ್ತವಳಿಗೆ ಕಾಲಂ ಇಲ್ಲ. ಚೋಮನಿಗೆ ಇಲ್ಲದ ಕಾಲಂ ಬೆಳ್ಳಿಗೆ ಎಲ್ಲಿಂದ ಬರಬೇಕು?

ಕ್ರಿಶ್ಚಿಯನ್ ಆದ ಗುರುವನ ಗತಿಯನ್ನೂ ಕೇಳಿ. 1950ರ ರಾಷ್ಟ್ರಪತಿ ಆದೇಶ ಹಿಂದೂ ಅಲ್ಲದವನನ್ನು ಪರಿಶಿಷ್ಟ ಜಾತಿಯವನೆಂದು ಒಪ್ಪಲಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ಬಿಟ್ಟರು. ಗುರುವನ ಮೊಮ್ಮಕ್ಕಳು ಊರಿನವರ ಕಣ್ಣಿಗೆ ಇಂದಿಗೂ ಹೊಲೆಯರೇ, ಎಷ್ಟೋ ಇಗರ್ಜಿಗಳಲ್ಲಿ ಬೇರೆ ಸಾಲಿನಲ್ಲಿ ಕೂತವರೇ, ತಾಲೂಕು ಕಚೇರಿಯ ಕಾಗದದಲ್ಲಿ ಮಾತ್ರ ದಲಿತರಲ್ಲ. ಹಿಂದೂ ಅಥವಾ ಕ್ರಿಶ್ಚಿಯನ್, ಎರಡರಲ್ಲಿ ಒಂದಕ್ಕೆ ಗುರುತು ಹಾಕು ಎಂದು ಕೇಳುವ ಫಾರಂ ಮೈಮೇಲಿನ ಬಾಸುಂಡೆಯನ್ನು ಕೇಳುವುದಿಲ್ಲ.

ಗೇಣಿದಾರ ಒಡೆಯನಾದ ಮೇಲೆ ಏನಾಯಿತು? ಗೆರೆ ಅಳಿಸಿಹೋಗಲಿಲ್ಲ, ಕೆಳಕ್ಕೆ ಸರಿಯಿತು. ಬ್ರಾಹ್ಮಣ ಮತ್ತು ಶೂದ್ರ ಎಂಬ ಜೋಡಿಯಲ್ಲಿ ಸಿಟ್ಟನ್ನೆಲ್ಲ ಸುರಿದು ಬರೆದ ನಮ್ಮ ಹಿರಿಯರಿಗೆ ಕಾರಣಗಳಿದ್ದವು, ನಾನು ಅವರನ್ನು ಗೌರವಿಸುತ್ತೇನೆ. ಆದರೆ 2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಇಟ್ಟು ಸುಟ್ಟರು. ಆರೋಪ ಬಂದದ್ದು ಅಗ್ರಹಾರದ ಮೇಲಲ್ಲ, ಹೊಲ ಇದ್ದ ಜಾತಿಯವರ ಮೇಲೆ. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣಗಳಿವೆ, ಕೊಂದವರು ಯಾರೂ ಇಲ್ಲ. ಬ್ರಾಹ್ಮಣ–ಶೂದ್ರ ಎಂಬ ಎರಡೇ ಕಣ್ಣಿನಿಂದ ನೋಡುವವನಿಗೆ ಕಂಬಾಲಪಲ್ಲಿ ಕಾಣುವುದೇ ಇಲ್ಲ.

ಊರು ಒಳ್ಳೆಯದು, ಪಟ್ಟಣ ಕೆಟ್ಟದ್ದು ಎಂಬ ಜೋಡಿಯನ್ನು ಕನ್ನಡ ಸಿನಿಮಾ ನಮ್ಮ ತಲೆಗೆ ಎಷ್ಟು ಆಳಕ್ಕೆ ತುಂಬಿದೆ! 1972ರ ‘ಬಂಗಾರದ ಮನುಷ್ಯ’ ನನಗೂ ಇಷ್ಟವಾದ ಚಿತ್ರ. ರಾಜ್‌ಕುಮಾರರ ರಾಜೀವ ಬಂಡೆ ಒಡೆದು ಬರಡು ನೆಲವನ್ನು ಹಸಿರು ಮಾಡುತ್ತಾನೆ. ಆ ಚಿತ್ರ ನೋಡಿ ಪಟ್ಟಣ ಬಿಟ್ಟು ಊರಿಗೆ ಮರಳಿದ ಹುಡುಗರ ಕಥೆಗಳನ್ನು ಇಂದಿಗೂ ಹೇಳುತ್ತಾರೆ. ಮರಳಲು ಅವರಿಗೆ ಹೊಲ ಇತ್ತು. ಕೇರಿಯ ಹುಡುಗ ಯಾವ ಹೊಲಕ್ಕೆ ಮರಳಬೇಕಿತ್ತು? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು, ಹಳ್ಳಿಯೆಂದರೆ ಸಂಕುಚಿತತೆ, ಅಜ್ಞಾನ ಮತ್ತು ಕೋಮುಭಾವನೆಯ ಗೂಡು ಎಂದು ಮುಲಾಜಿಲ್ಲದೆ ಹೇಳಿದರು. ಊರಿನ ಹೆಬ್ಬಾಗಿಲಿನಿಂದ ನೋಡಿದವರಿಗೂ ಕೇರಿಯಿಂದ ನೋಡಿದವರಿಗೂ ಒಂದೇ ಊರು ಕಾಣುವುದಿಲ್ಲ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಬಂದ ನಮ್ಮವರಿಗೆ ಅಲ್ಲಿ ಮೊದಲ ದಿನ ಸಿಕ್ಕ ಸುಖ ಏನು ಗೊತ್ತೆ? ಹೋಟೆಲಿನಲ್ಲಿ ಯಾರ ಮಗ ಎಂದು ಕೇಳದೆ ಲೋಟ ಕೊಟ್ಟದ್ದು.

ಪರದೆಯ ಮೇಲೆ ನಾಯಕ ಕೇಡಿಗನನ್ನು ಬಡಿಯುವಾಗ ಶಿಳ್ಳೆ ಹೊಡೆಯುವವರಲ್ಲಿ ಮುಂದಿನ ಸಾಲಿನವರು ಹೆಚ್ಚು ನಮ್ಮವರು. ಆ ನಾಯಕ ತಮ್ಮವನು ಎಂದುಕೊಂಡು ಹೊಡೆಯುತ್ತಾರೆ. 2014ರ ಆಗಸ್ಟಿನಲ್ಲಿ ಗಂಗಾವತಿಯಲ್ಲಿ ಸಿನಿಮಾ ನೋಡಲು ಹೋದಾಗ ಹುಡುಗರ ನಡುವೆ ಹುಟ್ಟಿದ ಜಗಳ ಮರಕುಂಬಿಗೆ ಬಂದು ದಲಿತರ ಗುಡಿಸಲುಗಳಿಗೆ ಬೆಂಕಿಯಾಯಿತು. ಅದಕ್ಕೆ ಮೊದಲೇ ಆ ಊರಿನಲ್ಲಿ ಕ್ಷೌರದಂಗಡಿ, ಹೋಟೆಲು ದಲಿತರಿಗೆ ಮುಚ್ಚಿದ್ದವು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ದೇಶ ಬೆರಗಾಯಿತು. ಮುಂದಿನ ತಿಂಗಳೇ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಪರದೆಯ ನಾಯಕ–ಕೇಡಿಗ ಎರಡೂವರೆ ಗಂಟೆಯಲ್ಲಿ ಮುಗಿಯುತ್ತಾರೆ. ಅವರ ಮುಂದೆ ಒಂದೇ ಕತ್ತಲಲ್ಲಿ ಕೂತು ಶಿಳ್ಳೆ ಹೊಡೆದವರು ಬೆಳಕು ಬಂದ ಕೂಡಲೇ ಊರು ಮತ್ತು ಕೇರಿ ಆಗುತ್ತಾರೆ. ಈ ಬೆಂಕಿಯ ಬಗ್ಗೆ ನಮ್ಮ ಯಾವ ತಾರೆಯೂ ಸಿನಿಮಾ ಮಾಡಲಿಲ್ಲ.

ಹೆಣ್ಣಿಗೆ ನಮ್ಮ ಸಿನಿಮಾ ಕೊಟ್ಟದ್ದು ಎರಡೇ ಬಾಗಿಲು, ಗರತಿಯದು ಮತ್ತು ಸೂಳೆಯದು. ‘ಗೆಜ್ಜೆಪೂಜೆ’ಯ ಚಂದ್ರಾ ಎರಡನೆಯ ಬಾಗಿಲಲ್ಲಿ ಹುಟ್ಟಿ ಮೊದಲನೆಯದನ್ನು ತಟ್ಟುತ್ತಾಳೆ. ಓದುತ್ತಾಳೆ, ಪ್ರೀತಿಸುತ್ತಾಳೆ, ಮದುವೆಯ ಕನಸು ಕಾಣುತ್ತಾಳೆ. ಸಾಯುತ್ತಾಳೆ. ‘ನಾಗರಹಾವು’ ಚಿತ್ರದ ಅಲಮೇಲು ಮೊದಲ ಬಾಗಿಲಿಂದ ಎರಡನೆಯದಕ್ಕೆ ತಳ್ಳಿಸಿಕೊಳ್ಳುತ್ತಾಳೆ. ಮಾರ್ಗರೆಟ್ ರಾಮಾಚಾರಿಯ ಜೊತೆ ಬೆಟ್ಟದಿಂದ ಹಾರುತ್ತಾಳೆ. ‘ಶರಪಂಜರ’ದ ಕಾವೇರಿಯನ್ನು ಮತ್ತೆ ಆಸ್ಪತ್ರೆಗೆ ಕಳಿಸುತ್ತಾರೆ. ಪುಟ್ಟಣ್ಣ ಕಣಗಾಲ್ ಈ ಹೆಣ್ಣುಗಳ ನೋವನ್ನು ಯಾರೂ ತೋರಿಸದಷ್ಟು ಹತ್ತಿರದಿಂದ ತೋರಿಸಿದರು, ಹಿಂದೆ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳ ಬಲವಿತ್ತು. ಆದರೂ ಎರಡು ಬಾಗಿಲ ನಡುವಿನ ಅಂಗಳದಲ್ಲಿ ನಿಂತ ಒಬ್ಬ ಹೆಣ್ಣನ್ನೂ ಬದುಕಗೊಡಲಿಲ್ಲ. ಪ್ರೇಕ್ಷಕ ಕಣ್ಣೊರೆಸಿಕೊಂಡು ಮನೆಗೆ ಹೋದ. ಅವನ ಮನೆಯ ಬಾಗಿಲು ಇದ್ದಲ್ಲೇ ಇತ್ತು.

ಆ ಎರಡನೆಯ ಬಾಗಿಲಿಗೆ ಹೆಣ್ಣುಮಕ್ಕಳನ್ನು ಒದಗಿಸಿದ್ದು ಯಾವ ಕೇರಿ? ಸವದತ್ತಿಯ ಗುಡ್ಡದಲ್ಲಿ ಮುತ್ತು ಕಟ್ಟಿಸಿಕೊಂಡವರ ಜಾತಿ ಯಾವುದು? ಹೆಚ್ಚುಪಾಲು ಮಾದಿಗರ, ಹೊಲೆಯರ ಮಕ್ಕಳು. ದೇವದಾಸಿ ಅರ್ಪಣೆ ನಿಷೇಧ ಕಾಯ್ದೆ 1982ರಲ್ಲಿ ಬಂತು. ಕಾಯ್ದೆ ಬಂದು ನಾಲ್ಕು ದಶಕ ದಾಟಿದರೂ ಶಾಲೆಯ ದಾಖಲಾತಿಯಲ್ಲಿ ಅಪ್ಪನ ಹೆಸರಿನ ಜಾಗದ ಮುಂದೆ ತಡವರಿಸಿದ ಮಕ್ಕಳಿದ್ದಾರೆ. ಊರಿನ ಗರತಿ ಗರತಿಯಾಗಿ ಉಳಿಯಲು ಕೇರಿಯ ಹುಡುಗಿಯನ್ನು ದೇವರ ಹೆಸರಿನಲ್ಲಿ ಊರಿಗೆ ಬಿಟ್ಟರು. ಎರಡೂ ಬಾಗಿಲ ಕೀಲಿಕೈ ಒಂದೇ ಸೊಂಟದಲ್ಲಿ ತೂಗುತ್ತಿತ್ತು.

ಗಂಡು ಮತ್ತು ಹೆಣ್ಣು ಎಂಬ ಜೋಡಿಯಂತೂ ಪ್ರಕೃತಿಯೇ ಬರೆದದ್ದು ಎನ್ನುತ್ತಾರೆ. ಪೊಲೀಸು ಬರೆದದ್ದನ್ನು ಓದಿ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಅದರಲ್ಲೇ ಹಿಜಡಾಗಳ ಹೆಸರು ವಿಳಾಸಗಳ ಪಟ್ಟಿ ಇಡಲು ಹೇಳಿದರು. 140 ವರ್ಷದ ಮೇಲೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಮತ್ತೆ ಅದೇ ಪಟ್ಟಿ, ಅದೇ ಅನುಮಾನ. ಸಮುದಾಯ ಬೀದಿಗಿಳಿದು, ಹೈಕೋರ್ಟಿಗೆ ಹೋಗಿ ಹೋರಾಡಿದ ಮೇಲೆ ಆ ಕಲಮಿನಿಂದ ಅವರ ಹೆಸರು ಹೋಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತಾನು ಯಾರೆಂದು ಹೇಳುವ ಹಕ್ಕು ಆ ಮನುಷ್ಯನದೇ ಎಂದಿತು. ಐದು ವರ್ಷ ಕಳೆದು 2019ರಲ್ಲಿ ಬಂದ ಕಾಯ್ದೆ, ಆ ಮಾತಿಗೆ ಜಿಲ್ಲಾಧಿಕಾರಿಯ ಸರ್ಟಿಫಿಕೇಟು ತಾ ಎಂದಿತು. ಮೈ ನನ್ನದು, ಮೊಹರು ಕಚೇರಿಯದು. ಯಲ್ಲಮ್ಮನ ಜೋಗಪ್ಪಂದಿರು ಶತಮಾನಗಳಿಂದ ತಲೆಯ ಮೇಲೆ ಕೊಡ ಹೊತ್ತು ಸೀರೆಯುಟ್ಟು ಕುಣಿದಿದ್ದಾರೆ, ಊರು ಅವರ ಕಾಲಿಗೂ ಬಿದ್ದಿದೆ, ಜಗುಲಿಯಿಂದಲೂ ಓಡಿಸಿದೆ. ಆ ಪರಂಪರೆಯ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, ಪದ್ಮಶ್ರೀ ಪಡೆದದ್ದು ನನಗೆ ಹೆಮ್ಮೆ. 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇಕಡಾ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದೆಂಬುದೂ ಹೆಮ್ಮೆ. ಆದರೆ ಇವತ್ತು ರಾತ್ರಿ ಬೆಂಗಳೂರಿನ ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟುವ ಹುಡುಗಿಗೆ ಬಾಡಿಗೆ ಮನೆ ಕೊಡುವವರು ಇಲ್ಲ.

ಜೋಡಿಗಳನ್ನು ಕಟ್ಟಿದವರೇ ಇನ್ನೊಂದು ಮಾತು ಹೇಳುತ್ತಾರೆ, ಅದು ನನ್ನ ರಕ್ತ ಕುದಿಸುತ್ತದೆ. ನಾವು ಪಾಲು ಕೇಳಿದ ದಿನವೇ ಅವರಿಗೆ ಭೇದ ಕಾಣಿಸುವುದು ನಿಲ್ಲುತ್ತದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಮಂತ್ರಿ ಅವರು. ಆ ತಲೆಹೊರೆ ಯಾರ ತಲೆಯ ಮೇಲಿತ್ತು ಎಂಬುದಕ್ಕೆ ಯಾವ ಮೆರವಣಿಗೆಯೂ ಹೊರಟಿರಲಿಲ್ಲ. ಬೂಸಾ ಎಂಬ ಮಾತಿಗೆ ಊರೂರಲ್ಲಿ ಹೊರಟಿತು, ದಲಿತ ವಿದ್ಯಾರ್ಥಿಗಳಿಗೆ ಹಾಸ್ಟೆಲುಗಳಲ್ಲಿ ಏಟು ಬಿತ್ತು, ಬಸವಲಿಂಗಪ್ಪ ಮಂತ್ರಿಗಿರಿ ಬಿಟ್ಟರು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಎಂದು ಕೇಳಿದರೆ, ಸಾಹಿತ್ಯದಲ್ಲಿ ಅಂಥ ಭೇದವೇ ಇಲ್ಲ ಎಂಬ ಉತ್ತರ ಬಂತು. ಲೋಟದಲ್ಲಿ ಭೇದ, ಬಾವಿಯಲ್ಲಿ ಭೇದ, ಸುಡುಗಾಡಿನಲ್ಲಿ ಭೇದ, ವೇದಿಕೆಯಲ್ಲಿ ಮಾತ್ರ ಇಲ್ಲ! ಆ ಸುಳ್ಳಿಗೆ ಉತ್ತರವಾಗಿ ಅದೇ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು.

44 ವರ್ಷ ಕಳೆದು 2023ರ ಜನವರಿಯಲ್ಲಿ ಹಾವೇರಿಯ ಸಮ್ಮೇಳನದಲ್ಲಿ ಮುಸ್ಲಿಂ ಲೇಖಕರನ್ನು ಕಡೆಗಣಿಸಿದಾಗ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿ ಲೇಖಕಿ ಬಾನು ಮುಷ್ತಾಕ್ ಅವರು, ಕನ್ನಡವನ್ನು ಅರಿಶಿನ ಕುಂಕುಮದ ದೇವಿಯಾಗಿ ಕೂರಿಸಿದರೆ ನನ್ನಂಥವರು ಎಲ್ಲಿ ನಿಲ್ಲಬೇಕು ಎಂಬರ್ಥದ ಪ್ರಶ್ನೆ ಎತ್ತಿದರು. ಹೆಣ್ಣಿಗೂ ಮಸೀದಿಯ ಒಳಗೆ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ತಮ್ಮ ಸಮುದಾಯದವರಿಂದಲೇ ಬಹಿಷ್ಕಾರ ಉಂಡ ಹೆಣ್ಣುಮಗಳು ಅವರು. 2025ರ ಮೇ ತಿಂಗಳಲ್ಲಿ ಕನ್ನಡಕ್ಕೆ ಅಂತರರಾಷ್ಟ್ರೀಯ ಬೂಕರ್ ತಂದರು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ, ಮುಸ್ಲಿಂ ಹೆಣ್ಣು ಚಾಮುಂಡಿಗೆ ಹೂ ಹಾಕಬಾರದು ಎಂದು ಕೆಲವರು ಹೈಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿಗೂ ಹೋದರು. ಎರಡೂ ಕಡೆ ಅರ್ಜಿ ಬಿತ್ತು, ಸೆಪ್ಟೆಂಬರ್ 22ರಂದು ಅವರು ಬೆಟ್ಟ ಹತ್ತಿ ಹೂ ಹಾಕಿದರು. ಅವರನ್ನು ಒಂದು ಕಡೆ ಮುಲ್ಲಾಗಳು ಹೊರಗಿಟ್ಟರು, ಇನ್ನೊಂದು ಕಡೆ ಧರ್ಮರಕ್ಷಕರು. ಹಿಂದೂ–ಮುಸ್ಲಿಂ ಎಂದು ಹಗಲಿರುಳು ಕಾದಾಡುವ ಈ ಇಬ್ಬರೂ ಅವರನ್ನು ಹೊರಗಿಡುವಾಗ ಒಂದಾದರು.

ಹಾಗಾದರೆ ಎರಡನ್ನೂ ಮೀರೋಣ, ನಡುದಾರಿ ಹಿಡಿಯೋಣ, ಸಾಮರಸ್ಯ ತರೋಣ ಎನ್ನುವ ಸಜ್ಜನರಿದ್ದಾರೆ. ಅವರಿಗೆ ನನ್ನ ಉತ್ತರ ಖಾರವಾಗಿಯೇ ಇದೆ. ಒಬ್ಬನ ಕಾಲು ಇನ್ನೊಬ್ಬನ ಕತ್ತಿನ ಮೇಲಿರುವಾಗ ನಡುದಾರಿ ಎಂದರೆ ಕಾಲಿನ ಭಾರವನ್ನು ಅರ್ಧ ಮಾಡುವುದು. ನಮಗೆ ಕಾಲು ತೆಗೆಯಬೇಕು. 2022ರ ‘ಕಾಂತಾರ’ದ ಕೊನೆಯಲ್ಲಿ ದೈವ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ತನ್ನ ಎದೆಯ ಮೇಲೆ ಒಟ್ಟುಗೂಡಿಸುತ್ತದೆ. ಥಿಯೇಟರಿನಲ್ಲಿ ಜನ ಕೈಮುಗಿದರು. ಆ ಚಿತ್ರ ಜಾತಿಯನ್ನು ಕಂಡಿಲ್ಲವೆಂದು ನಾನು ಹೇಳುವುದಿಲ್ಲ, ಧಣಿಯ ನಯವಾದ ಕ್ರೌರ್ಯವನ್ನು ಅದು ತೋರಿಸಿದೆ. ಆದರೆ ತುಳುನಾಡಿನಲ್ಲಿ ಮೈಮೇಲೆ ದೈವ ಬರಿಸಿಕೊಳ್ಳುವವರು ನಲಿಕೆಯವರು, ಪರವರು, ಪಂಬದರು. ಅಣಿ ಕಟ್ಟಿದಾಗ ಅವರ ಮುಂದೆ ಗುತ್ತಿನ ಯಜಮಾನ ಕೈಮುಗಿದು ನಿಲ್ಲುತ್ತಾನೆ. ಅಣಿ ಬಿಚ್ಚಿದ ಬೆಳಿಗ್ಗೆ ಅವರು ಅದೇ ಯಜಮಾನನ ಅಂಗಳದ ಹೊರಗೆ. ಚೋಮ ನೆಲದ ಆಸೆಗೆ ಧರ್ಮ ಬಿಡಲು ಹೊರಟಾಗ ಅವನನ್ನು ಹಿಂದಕ್ಕೆ ಎಳೆದದ್ದೂ ಪಂಜುರ್ಲಿಯೇ. ದೈವ ಅವನ ಕಾಲನ್ನು ತಡೆಯಿತು, ಅವನಿಗೆ ನೆಲ ಕೊಡಿಸಲಿಲ್ಲ. ಕೈಕೈ ಕೂಡಿಸಿದ ಮೇಲೆ ಆ ಕಾಡಿನ ನೆಲದ ಪತ್ರ ಯಾರ ಹೆಸರಿಗೆ ಬಂತು ಎಂದು ಕೇಳುವವನನ್ನು ಒಡಕು ತರುವವನು ಎನ್ನುವುದಾದರೆ, ನಾನು ಒಡಕು ತರುವವನೇ.

ಇಷ್ಟು ಹೊತ್ತು ಹೊರಗಿನವರಿಗೆ ಹೇಳಿದೆ. ಈಗ ನನ್ನ ಜೊತೆಗಾರರಿಗೆ, ಬಂಡಾಯದವರಿಗೆ, ದಲಿತ ಲೇಖಕರಿಗೆ.

ಅಂಬೇಡ್ಕರರು ಜಾತಿಯನ್ನು ಎರಡು ಪಾಲಾಗಿ ಕಾಣಲಿಲ್ಲ, ಮೆಟ್ಟಿಲುಗಳಾಗಿ ಕಂಡರು. ಶ್ರೇಣೀಕೃತ ಅಸಮಾನತೆ. ಮೇಲಕ್ಕೆ ಹೋದಂತೆ ಗೌರವ ಹೆಚ್ಚುತ್ತದೆ, ಕೆಳಕ್ಕೆ ಇಳಿದಂತೆ ತಿರಸ್ಕಾರ ಹೆಚ್ಚುತ್ತದೆ. ಪ್ರತಿಯೊಬ್ಬನಿಗೂ ತುಳಿಯಲು ಕೆಳಗೆ ಒಬ್ಬನಿರುತ್ತಾನೆ, ಅದಕ್ಕೇ ಇದು ಇಷ್ಟು ಕಾಲ ನಿಂತಿದೆ. ಈ ಸತ್ಯವನ್ನು ನಾವು ಭಾಷಣದಲ್ಲಿ ಹೇಳಿದೆವು, ಬರೆಯುವಾಗ ಮರೆತು ಮತ್ತೆ ಎರಡೇ ಪಾಲು ಮಾಡಿದೆವು: ಊರೆಂದರೆ ಕೆಟ್ಟವರು, ಕೇರಿಯೆಂದರೆ ಒಳ್ಳೆಯವರು. ದೇವನೂರ ಮಹಾದೇವ ‘ಒಡಲಾಳ’ದಲ್ಲಿ ಹಾಗೆ ಬರೆಯಲಿಲ್ಲ. ಸಾಕವ್ವನ ಮನೆಯವರು ಕದ್ದು ತಂದ ಕಡಲೆಕಾಯನ್ನು ರಾತ್ರಿಯೆಲ್ಲ ಕೂತು ತಿನ್ನುತ್ತಾರೆ, ಬೆಳಿಗ್ಗೆ ಪೊಲೀಸರು ಬಂದಾಗ ಸಾಕ್ಷಿಯೇ ಉಳಿದಿಲ್ಲ. ಆ ಮನೆಯಲ್ಲಿ ಹಸಿವೂ ಇದೆ, ಜಗಳವೂ ಇದೆ, ಕಳ್ಳತನವೂ ಇದೆ, ಮನುಷ್ಯರಿದ್ದಾರೆ. ಅದನ್ನು ಹೊಗಳಿದ ನಾವು ಅದರಿಂದ ಕಲಿಯಲಿಲ್ಲ.

ಕೇರಿಯೊಳಗೆ ಎಡಗೈ ಇದೆ, ಬಲಗೈ ಇದೆ. ಮಾದಿಗರ ಕುಲಕಥೆಯನ್ನು ಹಾಡುವ ದಕ್ಕಲರಿಗೆ ಮಾದಿಗರ ಮನೆಯ ಹೊಸಿಲೂ ದೂರ. ಕೆ.ಬಿ. ಸಿದ್ದಯ್ಯ ಅವರನ್ನು ಕಾವ್ಯದೊಳಗೆ ತಂದರು. ನಾವು ಅವರನ್ನು ಸಭೆಯೊಳಗೆ ತರಲಿಲ್ಲ. ಒಳಮೀಸಲಾತಿಗೆ ಮಾದಿಗರು ಮೂವತ್ತು ವರ್ಷ ಬೀದಿಯಲ್ಲಿ ಕೂತರು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣ ಸರಿ ಎಂದಿತು, ನಾಗಮೋಹನ ದಾಸ್ ಆಯೋಗ ಲೆಕ್ಕ ಹಾಕಿತು. ತೀರಾ ಕೆಳಗಿರುವ 59 ಅಲೆಮಾರಿ ಸಮುದಾಯಗಳಿಗೆ ಬೇರೆಯಾಗಿಯೇ ಶೇಕಡಾ 1 ಕೊಡಿ ಎಂದು ಅದು ಬರೆಯಿತು. 2025ರ ಆಗಸ್ಟಿನಲ್ಲಿ ಸಚಿವ ಸಂಪುಟ ಬಲಗೈಗೆ 6, ಎಡಗೈಗೆ 6, ಉಳಿದ 5 ಎಂದು ಹಂಚಿ, ಆ 59 ಸಮುದಾಯಗಳನ್ನು ಉಳಿದ ಐದರೊಳಗೆ ಲಂಬಾಣಿ, ಭೋವಿಗಳ ಜೊತೆಗೆ ನೂಕಿತು. ಎರಡು ಬಲಿಷ್ಠ ಕೈಗಳಿಗೆ ಸಮ ತೂಗಿದರೆ ನ್ಯಾಯ ಮುಗಿಯಿತೆಂದು ನಮ್ಮಲ್ಲಿ ಬಹಳ ಮಂದಿ ಸಿಹಿ ಹಂಚಿದರು.

ಸುಡುಗಾಡು ಸಿದ್ಧರು, ಬುಡ್ಗ ಜಂಗಮರು, ಹಂದಿಜೋಗಿಗಳು, ತೊಗಲುಗೊಂಬೆ ಆಡಿಸುವ ಸಿಳ್ಳೇಕ್ಯಾತರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಅವರಲ್ಲಿ ಎಷ್ಟೋ ಜನರಿಗೆ ಜಾತಿ ಪ್ರಮಾಣಪತ್ರ ಮಾಡಿಸಲು ಬೇಕಾದ ಕಾಯಂ ವಿಳಾಸವೇ ಇಲ್ಲ. 1979ರಲ್ಲಿ ನಾವು ಕೇಳಿದ ಪ್ರಶ್ನೆಯನ್ನೇ ಅವರು ಈಗ ನಮ್ಮನ್ನು ಕೇಳುತ್ತಿದ್ದಾರೆ. ನಮ್ಮ ಪ್ರಾತಿನಿಧಿಕ ಸಂಕಲನಗಳಲ್ಲಿ ಸಿಳ್ಳೇಕ್ಯಾತರ ಒಬ್ಬ ಕವಿ ಯಾಕಿಲ್ಲ, ನಮ್ಮ ಗೋಷ್ಠಿಗಳಲ್ಲಿ ದಕ್ಕಲರ ಒಬ್ಬ ಹೆಣ್ಣುಮಗಳು ಯಾಕೆ ಮಾತಾಡಿಲ್ಲ, ಅಂಬೇಡ್ಕರ್ ಜಯಂತಿಯ ನಮ್ಮ ಪಂಕ್ತಿಯಲ್ಲಿ ಅವರಿಗೆ ಎಲ್ಲಿ ಎಲೆ ಹಾಕುತ್ತೇವೆ? ಸಾಹಿತ್ಯದಲ್ಲಿ ಅಂಥ ಭೇದವಿಲ್ಲ ಎಂದು ನಾವೂ ಹೇಳುವುದಾದರೆ ಈಗಲೇ ಹೇಳಿಬಿಡೋಣ, ಅವರು ತಮ್ಮ ಸಂಘಟನೆ ಕಟ್ಟಿಕೊಳ್ಳುತ್ತಾರೆ. ಹೇಳುವುದಿಲ್ಲ ಎನ್ನುವುದಾದರೆ ಮುಂದಿನ ಸಮಾವೇಶದ ಅಧ್ಯಕ್ಷತೆಯನ್ನು ಆ 59ರಲ್ಲಿ ಒಬ್ಬರಿಗೆ ಕೊಡಿ, ಅವರು ನಮ್ಮನ್ನು ಬಯ್ಯುವುದಾದರೆ ಬಯ್ಯಲಿ, ಮುಂದಿನ ಸಾಲಿನಲ್ಲಿ ಕೂತು ಕೊನೆಯವರೆಗೂ ಕೇಳೋಣ.